ಗಂಟೆಗೋಪುರ ಇಲ್ಲದ ಸೀಮೆಯ ಸಭೆ

ನಿಪ್ಪಾಣಿಯಿಂದ ಮುಧೋಳದ ಕಡೆ ಹೋಗುವ ರಸ್ತೆಯಲ್ಲಿ ಚಿಕ್ಕೋಡಿ ದಾಟಿ ಕಬ್ಬೂರಿನತ್ತ ಬಂದರೆ ಎರಡೂ ಬದಿಗೆ ಕಬ್ಬು. ನಡುವೆ ಗುಡಿಯ ಶಿಖರ, ಮಠ, ಬಸದಿ, ದರ್ಗಾ. ಗಂಟೆಗೋಪುರದ ಚರ್ಚ್ ಈ ಸೀಮೆಯಲ್ಲಿ ಅಪರೂಪ. 2011ರ ಜನಗಣತಿಯಂತೆ ಕರ್ನಾಟಕದ ಕ್ರೈಸ್ತರು ಸುಮಾರು 11.4 ಲಕ್ಷ, ಅಂದರೆ ಶೇ 1.87. ಬೆಳಗಾವಿ ಜಿಲ್ಲೆಯಲ್ಲಿ ಆ ಪ್ರಮಾಣ ಶೇ 1ನ್ನೂ ಮುಟ್ಟುವುದಿಲ್ಲ. ಇಷ್ಟು ಚದುರಿದ ಮಂದಿ ಒಂದು ಸಮುದಾಯವಾಗಿ ಬಾಳುವುದು ಹೇಗೆ? ಈ ಬಗ್ಗೆ ಹೊರಗಿನವರಿಗೂ ತಪ್ಪು ತಿಳಿವಳಿಕೆ ಇದೆ, ಒಳಗಿನವರಿಗೂ ಇದೆ.

ತಪ್ಪು ಕಲ್ಪನೆ: ಕಟ್ಟಡ ಇಲ್ಲದ ಊರಲ್ಲಿ ಸಭೆಯೂ ಇಲ್ಲ.

ವಾಸ್ತವ: ಕ್ರೈಸ್ತ ಸಭೆ ಹುಟ್ಟಿದ್ದೇ ಮನೆಗಳಲ್ಲಿ. ರೋಮ್‌ನವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನು ಪ್ರಿಸ್ಕ, ಅಕ್ವಿಲ ದಂಪತಿಗೂ ಅವರ ಮನೆಯಲ್ಲಿ ಕೂಡುವ ಸಭೆಗೂ ವಂದನೆ ಕಳಿಸುತ್ತಾನೆ. ಆ ದಂಪತಿ ಗುಡಾರ ಮಾಡುವ ಕಸುಬಿನವರು, ಪೌಲನದೂ ಅದೇ ಕಸುಬು. ಪರಿಚಯ ಬೆಳೆದದ್ದು ಕೆಲಸದ ಜಾಗದಲ್ಲಿ. ಫಿಲಿಪ್ಪಿಯಲ್ಲಿ ಅವನಿಗೆ ಬಾಗಿಲು ತೆರೆದವಳು ಬೆಲೆಬಾಳುವ ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಎಂಬ ಹೆಂಗಸು. ಸಿರಿಯಾದ ದುರಾ ಯುರೋಪೋಸ್‌ನಲ್ಲಿ ಉತ್ಖನನಕಾರರಿಗೆ 3ನೇ ಶತಮಾನದ ಅಂಥದೊಂದು ಮನೆಯೇ ಸಿಕ್ಕಿದೆ. ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಒಂದು ಮಾಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಇದೆ. 313ರಲ್ಲಿ ರೋಮ್ ಸಾಮ್ರಾಜ್ಯ ಈ ಧರ್ಮಕ್ಕೆ ಕಾನೂನಿನ ಮಾನ್ಯತೆ ಕೊಟ್ಟ ಮೇಲೆ ದೊಡ್ಡ ದೊಡ್ಡ ಚರ್ಚುಗಳು ಹೆಚ್ಚಾಗಿ ಎದ್ದವು.

ಚಿಕ್ಕೋಡಿ, ರಾಯಬಾಗದ ಕಡೆ ಬಹಳ ಮಂದಿ ಊರೊಳಗೆ ಇರುವುದಿಲ್ಲ, ತೋಟದಾಗ ಇರುತ್ತಾರೆ. ಅಂಥ ತೋಟದ ಮನೆಯ ಪ್ರಾರ್ಥನಾ ಕೂಟಕ್ಕೆ ಗಡಿಯಾರದ ಹೊತ್ತು ಇರುವುದಿಲ್ಲ. ಎಮ್ಮೆ ಹಿಂಡಿ, ಹಾಲು ಡೈರಿಗೆ ಹಾಕಿ ಬಂದ ಮೇಲೆ ಶುರು. ತ್ರೀಫೇಸ್ ಕರೆಂಟು ಬಂದರೆ ನಡುವೆಯೇ ಒಬ್ಬರು ಎದ್ದು ಮೋಟರು ಚಾಲು ಮಾಡಿ ಬರುತ್ತಾರೆ. ಪಡಸಾಲೆಗೆ ಜಮಖಾನೆ ಹಾಸಿರುತ್ತದೆ. ಡೋಲಕಿ, ತಾಳ, ಮೂಲೆ ಮಡಚಿ ಮಡಚಿ ಹರಿದ ಗೀತಪುಸ್ತಕ. ಹಾಡಿನ ಅರ್ಧ ಕನ್ನಡದಲ್ಲಿ, ಉಳಿದರ್ಧ ಮರಾಠಿಯಲ್ಲಿ ಬಂದರೂ ಯಾರಿಗೂ ಬೇರೆ ಅನ್ನಿಸುವುದಿಲ್ಲ. ವಾಕ್ಯ ಓದಿದ ಮೇಲೆ ಸಾಕ್ಷಿ ಹೇಳುವ ಸರದಿ: ಮಗಳ ಹೆರಿಗೆ ಸಸೂತ್ರ ಆದದ್ದು, ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಇನ್ನೂ ಬಾರದ್ದು. ನಾನು ಮುಖ್ಯ ಎಂದುಕೊಳ್ಳುವುದು ಪ್ರಾರ್ಥನೆ ಮುಗಿದ ನಂತರದ ಮಾತನ್ನು.

"ಯಾಕ್ರೀ ವೈನಿ, ಆಯಿ ಬಂದಿಲ್ಲಲ್ಲ ಇವತ್ತ?"

"ಮೈಯಾಗ ಆರಾಮಿಲ್ರಿ ಕಾಕಾ, ಮಲಗ್ಯಾಳ."

"ಹಂಗಾರ ಮುಂಜಾನೆ ನಾ ಹಾದು ಬರ್ತೀನಿ ತಗೋ."

ಯಾರು ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗುವಷ್ಟು ಚಿಕ್ಕ ಗುಂಪು ಅದು. ಐನೂರು ಜನ ಕೂರುವ ಚರ್ಚಿನಲ್ಲಿ ಒಬ್ಬ ಆಯಿ ಮೂರು ವಾರ ಬಾರದಿದ್ದರೂ ಗೊತ್ತಾಗದೆ ಹೋಗಬಹುದು. ಸಭೆ ಇದೆಯೋ ಇಲ್ಲವೋ ಎಂದು ಅಳೆಯುವುದಾದರೆ ನಾನು ಮರುದಿನ ಮುಂಜಾನೆಯ ಆ ಭೇಟಿಯಿಂದ ಅಳೆಯುತ್ತೇನೆ.

ತಪ್ಪು ಕಲ್ಪನೆ: ಚರ್ಚಿನ ಹೊರಗೆ ಕೂಡುವ ರೂಢಿ ಈಚೆಗೆ ಬಂದದ್ದು, ಅದೂ ಪರದೇಶದ್ದು.

ವಾಸ್ತವ: ಈ ನೆಲದಲ್ಲಿ ಅದಕ್ಕೆ ಹಳೆಯ ಬೇರುಗಳಿವೆ. ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ, ಧಾರವಾಡಕ್ಕೆ ಬಾಸೆಲ್ ಮಿಷನ್ ಬಂದದ್ದು 1837ರಲ್ಲಿ. ಆ ಮಿಷನರಿಗಳು ಕಟ್ಟಡಗಳನ್ನು ಕಟ್ಟಿದರು, ನಿಜ. ಆದರೆ ಕಾಲಜ್ಞಾನದ ಪದ ಹಾಡಿಕೊಂಡಿದ್ದ ಒಂದು ಗುಂಪು 1840ರ ಆಸುಪಾಸಿನಲ್ಲಿ ತಾನಾಗಿ ಅವರನ್ನು ಹುಡುಕಿಕೊಂಡು ಬಂತು. ತಮ್ಮ ಗುರುವಿನ ನುಡಿಗೂ ಇವರ ಮಾತಿಗೂ ತಾಳೆ ನೋಡುತ್ತಿದ್ದ ಆ ಜನ ಸೇರುತ್ತಿದ್ದದ್ದು ಯಾವ ಚರ್ಚಿನಲ್ಲೂ ಅಲ್ಲ. ಅವರಂಥವರಿಗೆ ನೆಲೆ ಮಾಡಿಕೊಡಲೆಂದು ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಮಿಷನ್ ಒಂದು ಬೇಸಾಯದ ವಸಾಹತು ಹೂಡಿತು. ಅದು ಬಹುಕಾಲ ನಿಲ್ಲಲಿಲ್ಲ. ಹೊಲ, ಮನೆ ಕೊಟ್ಟು ಒಂದೆಡೆ ಕೂರಿಸಿದ ಮಾತ್ರಕ್ಕೆ ಮಂದಿ ಒಂದಾಗುವುದಿಲ್ಲ. ಇವತ್ತು ಸಮುದಾಯ ಭವನ ಕಟ್ಟಿಸಲು ಚಂದಾ ಎತ್ತುವವರೂ ಮಲ್ಲಸಮುದ್ರದ ಕಥೆ ಓದಿಕೊಳ್ಳುವುದು ಒಳ್ಳೆಯದು.

ಗಡಿಯ ಆಚೆಯ ಉದಾಹರಣೆ ಇನ್ನೂ ಹತ್ತಿರದ್ದು. ಮರಾಠಿ ಕವಿ ನಾರಾಯಣ ವಾಮನ ಟಿಳಕ 1895ರಲ್ಲಿ ದೀಕ್ಷಾಸ್ನಾನ ಪಡೆದವರು, ಮುಂದೆ ಮಿಷನ್ನಿನ ಕೆಲಸದಲ್ಲೇ ಇದ್ದವರು. 1917ರಲ್ಲಿ ಅದನ್ನು ಬಿಟ್ಟು ಸಾತಾರಾದಲ್ಲಿ 'ದೇವಾಚಾ ದರಬಾರ' ಎಂಬ ಕೂಟ ಕಟ್ಟಿದರು. ಕ್ರಿಸ್ತನ ಹಿಂದೆ ಹೋಗಬಯಸುವವರು ದೀಕ್ಷಾಸ್ನಾನ ಪಡೆದಿರಲಿ ಬಿಡಲಿ, ಅಲ್ಲಿ ಒಟ್ಟಿಗೆ ಕೂರಬಹುದಿತ್ತು. ಕೀರ್ತನೆ, ಅಭಂಗಗಳೇ ಅವರ ದಾರಿ. ಎರಡು ವರ್ಷದೊಳಗೆ, 1919ರಲ್ಲಿ, ಟಿಳಕರು ತೀರಿಕೊಂಡರು, ದರಬಾರ ಬೆಳೆಯಲಿಲ್ಲ. ಕನ್ನಡದಲ್ಲಿ ಬಾಸೆಲ್ ಮಿಷನ್ನಿನ ಕಿಟೆಲ್ 1862ರಷ್ಟು ಹಿಂದೆಯೇ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ'ಯಾಗಿ ದೇಸಿ ಛಂದಸ್ಸಿಗೆ ಇಳಿಸಿದ್ದರು. ಅಂಥ ಪದ್ಯಕ್ಕೆ ಆರ್ಗನ್ ಬೇಕಿಲ್ಲ, ಜಗುಲಿ ಸಾಕು.

ನಮ್ಮದೇ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಪಾದ್ರಿಗಳು ವಿರಕ್ತ ಮಠದ ಮಾದರಿಯಲ್ಲಿ ಕಾವಿ ಉಟ್ಟು, ಮಾಂಸಾಹಾರ ಬಿಟ್ಟು ಬಾಳಿದ್ದಾರೆ. 2019ರಲ್ಲಿ ಬೆಳಗಾವಿಯ ಬಿಷಪ್ ಅಲ್ಲಿ ಕಾವಿ ಹೊದ್ದು ಪೂಜೆ ಅರ್ಪಿಸಿದ ಚಿತ್ರಗಳು ಹರಿದಾಡಿದಾಗ ಹಿಂದೂಗಳಲ್ಲೂ ಕ್ರೈಸ್ತರಲ್ಲೂ ಕೆಲವರು ಸಿಟ್ಟಾದರು. ವೇಷ ಯಾರದು ಎಂಬ ಜಗಳದಲ್ಲಿ ಆ ಮಠಕ್ಕೆ ಊರವರು ಸಲೀಸಾಗಿ ಹೋಗಿಬರುವ ಸಂಗತಿ ಮರೆಯಾಯಿತು. ಸ್ಥಾವರ, ಜಂಗಮ ಎಂದು ಹನ್ನೆರಡನೇ ಶತಮಾನದಲ್ಲೇ ವಾದ ಮಾಡಿದ ನಾಡಿಗೆ ಕಟ್ಟಡ ಬೇರೆ, ಕೂಟ ಬೇರೆ ಎಂದು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ.

ತಪ್ಪು ಕಲ್ಪನೆ: ಕೂಡುವ ಜಾಗ ಎಂದರೆ ಪ್ರಾರ್ಥನೆಯ ಜಾಗ.

ವಾಸ್ತವ: ಅಥಣಿ, ಕಾಗವಾಡದವರಿಗೆ ಕ್ರೈಸ್ತರ ಪರಿಚಯ ಎಲ್ಲಿ ಆಯಿತು ಎಂದು ಕೇಳಿ ನೋಡಿ. ಹಳಬರು ಚರ್ಚಿನ ಹೆಸರು ಹೇಳುವುದಿಲ್ಲ, ಮಿರಜದ ದವಾಖಾನೆಯ ಹೆಸರು ಹೇಳುತ್ತಾರೆ. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್‌ಲೆಸ್ 1892ರಲ್ಲಿ ಮಿರಜಕ್ಕೆ ಬಂದು ಚಿಕಿತ್ಸೆ ಆರಂಭಿಸಿದರು, 1894ರಲ್ಲಿ ಆಸ್ಪತ್ರೆ ತೆರೆಯಿತು. ಕಾಗವಾಡದಿಂದ ಗಡಿ ದಾಟಿದರೆ ಮಿರಜ, ಹಾಗಾಗಿ ಅದು ಈ ಕಡೆಯವರಿಗೂ ಹತ್ತಿರದ ದೊಡ್ಡ ಆಸ್ಪತ್ರೆಯಾಗಿತ್ತು. ರೋಗಿಯ ಜೊತೆ ಬಂದವರು ವಾರಗಟ್ಟಲೆ ಹೊರಗೆ ಕಾಯುತ್ತ ಕೂತಾಗ ಬೆಳೆಯುವ ಗುರುತು ಸಣ್ಣದಲ್ಲ. ಬುತ್ತಿ ಹಂಚಿಕೊಂಡವರು ಮುಂದೆ ಒಬ್ಬರ ಮನೆಯ ಲಗ್ನಕ್ಕೆ ಇನ್ನೊಬ್ಬರು ಹೋಗುತ್ತಾರೆ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ನೇಯ್ಗೆ ಶಾಲೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದ ಹಿನ್ನೆಲೆಯೂ ಇಂಥದೇ. ಕ್ರೈಸ್ತರಾದವರು ಜಾತಿಯ ಜೊತೆ ಕಸುಬನ್ನೂ ನೆರವನ್ನೂ ಕಳೆದುಕೊಳ್ಳುತ್ತಿದ್ದರು. ಭಾನುವಾರದ ಪ್ರಸಂಗ ಅವರ ಹೊಟ್ಟೆ ತುಂಬಿಸುತ್ತಿರಲಿಲ್ಲ. ಕಾರ್ಖಾನೆ ಕೂಲಿಯನ್ನೂ ಕೊಟ್ಟಿತು, ಅಕ್ಕಪಕ್ಕ ದುಡಿಯುವ ಬಳಗವನ್ನೂ ಕೊಟ್ಟಿತು. ಅದರ ಜೊತೆಗೆ ಮಿಷನ್ನೇ ಧಣಿಯೂ ಆದದ್ದರಿಂದ ಪಾದ್ರಿಗೆ ಎದುರಾಡುವುದು ಕಷ್ಟವಾಯಿತು ಎಂಬುದನ್ನೂ ಸೇರಿಸಿ ಹೇಳಬೇಕು. ಕರ್ನಾಟಕದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಯ ಹತ್ತಿರದ ಕೇಡಗಾಂವದಲ್ಲಿ ಕಟ್ಟಿದ ಮುಕ್ತಿ ಸದನವೂ ವಿಧವೆಯರು, ಬರಗಾಲದಲ್ಲಿ ದಿಕ್ಕುತಪ್ಪಿದ ಹುಡುಗಿಯರು ಒಟ್ಟಿಗೆ ಉಂಡು, ದುಡಿದು, ಓದಿದ ಜಾಗ. ಪ್ರಾರ್ಥನೆ ಆ ಬದುಕಿನ ಒಳಗೇ ಇತ್ತು.

ತಪ್ಪು ಕಲ್ಪನೆ: ಮೊಬೈಲ್ ಇದ್ದರೆ ಸಾಕು, ಕೂಡುವುದೇ ಬೇಡ.

ವಾಸ್ತವ: 2020ರ ಲಾಕ್‌ಡೌನ್‌ನಲ್ಲಿ ಫೋನೇ ಆಸರೆಯಾಗಿತ್ತು. ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಹುಡುಗರನ್ನು ವಾಟ್ಸಾಪ್ ಇಂದಿಗೂ ಊರಿನ ಕೂಟಕ್ಕೆ ಜೋಡಿಸಿಟ್ಟಿದೆ. ಆದರೆ ಜ್ವರ ಬಂದವರಿಗೆ ಗಂಜಿ ಕಾಸಿಕೊಡುವ ಆ್ಯಪ್ ಇನ್ನೂ ಬಂದಿಲ್ಲ.

ತಪ್ಪು ಕಲ್ಪನೆ: ಮನೆಕೂಟಕ್ಕೆ ಹೋದವರೆಲ್ಲ ಮತಾಂತರವಾದವರು.

ವಾಸ್ತವ: ಮಗುವಿನ ಜ್ವರಕ್ಕೆ ದರ್ಗಾದ ತಾಯತ, ಯಲ್ಲಮ್ಮನ ಹರಕೆ, ಪಾಸ್ಟರ ಪ್ರಾರ್ಥನೆ ಮೂರನ್ನೂ ಮಾಡಿಸುವ ತಾಯಂದಿರು ಈ ಕಡೆ ಎಷ್ಟು ಬೇಕಾದರೂ ಇದ್ದಾರೆ. ನೆರೆಮನೆಯವರು ಬಂದು ಕೂತು, ಚಹಾ ಕುಡಿದು ಹೋಗುತ್ತಾರೆ. ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಪಾಲಿಸುವ ಹಕ್ಕು ಕೊಟ್ಟಿದೆ. ಮತಾಂತರ ನಿಷೇಧ ಕಾಯ್ದೆ ಎಂದೇ ಹೆಸರಾದ ರಾಜ್ಯದ 2022ರ ಕಾಯ್ದೆ ಗುರಿ ಮಾಡಿದ್ದು ಬಲವಂತ, ವಂಚನೆ, ಆಮಿಷದಂಥವುಗಳನ್ನು. ಅದನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.

ಇದರ ಇನ್ನೊಂದು ಮಗ್ಗುಲಿನ ಮಾತು ಕ್ರೈಸ್ತರಿಗೆ. ಪಕ್ಕದ ಮನೆಯವರ ಜೊತೆಗಿನ ಸ್ನೇಹವನ್ನು ಅವರು ಎಂದು ದೀಕ್ಷೆ ಪಡೆದಾರು ಎಂಬ ಲೆಕ್ಕದಲ್ಲಿ ಬೆಳೆಸಿದರೆ ಅದು ಸ್ನೇಹ ಅನ್ನಿಸಿಕೊಳ್ಳುವುದಿಲ್ಲ. ಲೆಕ್ಕ ಇಟ್ಟಿರುವುದು ಮಂದಿಗೆ ಬೇಗ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಒಂದೇ ಜಮಖಾನೆಯ ಮೇಲೆ ಕೂತರೆ ಜಾತಿ ಹೋಯಿತು.

ವಾಸ್ತವ: ಹೋಗಿಲ್ಲ. ಕೂರುವುದು ಸುಲಭ, ಕೂಟ ಯಾರ ಮನೆಯಲ್ಲಿ ನಡೆಯುತ್ತದೆ ಎಂಬುದರಲ್ಲಿ ಜಾತಿ ಕಾಣುತ್ತದೆ. ಮೇಲಿನ ಓಣಿಯ ಮನೆಗೆ ಎಲ್ಲರೂ ಬರುತ್ತಾರೆ, ಕೇರಿಯ ಮನೆಯಲ್ಲಿ ಇಟ್ಟುಕೊಂಡಾಗ ಕೆಲವರಿಗೆ ಅಂದೇ ಕೆಲಸ ಬರುತ್ತದೆ. ಹೆಣ್ಣು ಕೊಟ್ಟು ತರುವಾಗಲಂತೂ ಹಳೆಯ ಗೆರೆ ಎದ್ದು ಕಾಣುತ್ತದೆ. ಇದಕ್ಕೆ ಕಾನೂನಿನ ತೊಡಕೂ ಕೂಡಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಜಾಗ ಸಿಕ್ಕಿತು, ದಲಿತ ಕ್ರೈಸ್ತರಿಗೆ ಸಿಗಲಿಲ್ಲ. ಹೀಗಾಗಿ ಕೂಟದಲ್ಲಿ ಒಂದು ಗುರುತು, ಕಾಗದದಲ್ಲಿ ಇನ್ನೊಂದು ಇಟ್ಟುಕೊಂಡು ಬಾಳುವವರಿದ್ದಾರೆ. ಅವರನ್ನು ಕಪಟಿಗಳು ಎನ್ನುವ ಮೊದಲು ಅವರ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಯನ್ನು ಒಮ್ಮೆ ಓದಬೇಕು.

ತಪ್ಪು ಕಲ್ಪನೆ: ಸಂಬಂಧಗಳೇ ಸಾಕು, ಸಂಸ್ಥೆ ಬೇಡ.

ವಾಸ್ತವ: ಮನೆಕೂಟವನ್ನು ಮೆಚ್ಚುವವರು ಉತ್ಸಾಹದಲ್ಲಿ ಆಡುವ ಮಾತು ಇದು. ಮದುವೆ ಮತ್ತು ಸಾವು ಎದುರಾದಾಗ ಅದು ಮುರಿದುಬೀಳುತ್ತದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಮದುವೆ ನೆರವೇರಿಸಲು ದೀಕ್ಷೆ ಪಡೆದ ಪಾದ್ರಿ, ಪರವಾನಗಿ ಇರುವ ಸಭಾಪಾಲಕ ಅಥವಾ ವಿವಾಹ ನೋಂದಣಾಧಿಕಾರಿಯಂಥ ಅಧಿಕಾರವುಳ್ಳವರು ಬೇಕು. ಕೂಟದ ಹಿರಿಯರು ಪ್ರಾರ್ಥಿಸಿ ಕೈಗೆ ಕೈ ಕೊಡಿಸಿದರೆ ಮದುವೆಯಾಗದು, ಅಧಿಕಾರವಿಲ್ಲದೆ ಮಾಡಿಸಿದವರಿಗೆ ಶಿಕ್ಷೆಯೂ ಇದೆ. ಇನ್ನು ಲೆಕ್ಕಪತ್ರ. ಬೆಳಗಾವಿಯ ಮೆಥಡಿಸ್ಟ್ ಸಭೆಗಾಗಲಿ, ಧಾರವಾಡದಲ್ಲಿ ಕೇಂದ್ರವಿರುವ ಸಿ.ಎಸ್.ಐ. ಧರ್ಮಪ್ರಾಂತಕ್ಕಾಗಲಿ, 1953ರಲ್ಲಿ ರಚನೆಯಾದ ಬೆಳಗಾವಿ ಕಥೋಲಿಕ ಧರ್ಮಪ್ರಾಂತಕ್ಕಾಗಲಿ ರಿಜಿಸ್ಟರು, ಸಮಿತಿ, ಕೇಳುವ ಮೇಲಿನವರು ಇದ್ದಾರೆ. ಒಬ್ಬ ಪಾಸ್ಟರ ಮಾತೇ ಅಂತಿಮವಾದ ಕೂಟದಲ್ಲಿ ಕಾಣಿಕೆ ಎಲ್ಲಿ ಹೋಯಿತು ಎಂದು ಯಾರು ಯಾರನ್ನು ಕೇಳುವುದು? ಕರಾವಳಿಯ ಕಥೋಲಿಕರು ಇದಕ್ಕೆ ಮಧ್ಯದ ದಾರಿ ಕಂಡುಕೊಂಡಿದ್ದಾರೆ. ಚರ್ಚು ಇದ್ದೇ ಇರುತ್ತದೆ, ಅದರ ಕೆಳಗೆ ವಾಳೆ ಎಂಬ ಸಣ್ಣ ಘಟಕಗಳು, ವಾಳೆಗೊಬ್ಬ ಗುರಿಕಾರ ಎಂಬ ಮುಖಂಡ. ರೋಗಿ ಯಾರು, ಸಾಲದಲ್ಲಿ ಬಿದ್ದವರು ಯಾರು ಎಂಬುದು ಪಾದ್ರಿಗಿಂತ ಮೊದಲು ಗುರಿಕಾರನಿಗೆ ಗೊತ್ತಿರುತ್ತದೆ.

ಸಾವಿನ ವಿಷಯ ಇನ್ನೂ ಬಿಕ್ಕಟ್ಟಿನದು. ಹೆಣ ಅಂಗಳದಲ್ಲಿ ಇಟ್ಟುಕೊಂಡು ಹೂಳಲು ಜಾಗ ಹುಡುಕುವ ಪಾಡು ಯಾವ ಮನೆಗೂ ಬರಬಾರದು. ಸ್ವಂತ ಹೊಲ ಇದ್ದವರು ಹೊಲದಲ್ಲಿ ಮಣ್ಣು ಮಾಡಿಯಾರು, ಕೂಲಿಯವರು ಎಲ್ಲಿಗೆ ಹೋಗಬೇಕು? ಈ ಸೀಮೆಯ ಕೂಟಗಳು ಸಭಾಮಂದಿರಕ್ಕೆ ಚಂದಾ ಎತ್ತುವ ಮೊದಲು ಸ್ಮಶಾನದ ಜಾಗಕ್ಕಾಗಿ ತಹಶೀಲ್ದಾರರ ಕಚೇರಿಗೆ ಹೋಗುವುದು ಮೇಲು. ಒಂದೊಂದು ಕೂಟ ಒಬ್ಬೊಬ್ಬ ಪಾಸ್ಟರ ಹೆಸರಲ್ಲಿ ಬೇರೆ ಬೇರೆಯಾಗಿ ಹೋದರೆ ಅರ್ಜಿಗೆ ತೂಕ ಬರುವುದಿಲ್ಲ. ನಾಲ್ಕಾರು ಊರಿನವರು ಒಂದು ಸಮಿತಿಯಾಗಿ, ಮನೆಮನೆಯ ಯಾದಿ ಬರೆದು ಅರ್ಜಿಯ ಜೊತೆ ಹಚ್ಚಬೇಕು.