ಇಳಿವಯಸ್ಸಿನ ಮನಸ್ಸಿನ ಬಿಗಿತ ಅಳೆಯುವುದು ಹೇಗೆ?

ಎಪ್ಪತ್ತು ದಾಟಿದ ಇಬ್ಬರು ಹೆಂಗಸರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಮಂಡಿನೋವು, ಇಬ್ಬರೂ ಮದುವೆ-ಮುಂಜಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮೊದಲನೆಯವರು ಆ ಹೊತ್ತಿನಲ್ಲಿ ಮೊಮ್ಮಗಳಿಗೆ ದೇವರನಾಮ ಹೇಳಿಕೊಡುತ್ತಾರೆ. ನೋವಿದ್ದ ದಿನವೂ ಪಾಠ ತಪ್ಪಿಸುವುದಿಲ್ಲ. ಎರಡನೆಯವರಿಗೆ ನಾಲ್ಕು ಜನರೆದುರು ಕುಂಟಬೇಕಲ್ಲ ಎಂಬ ಸಂಕೋಚ, ದಾರಿಯಲ್ಲಿ ನೋವು ಕಾಣಿಸಿಕೊಂಡರೆ ಎಂಬ ದಿಗಿಲು. ಮದುವೆಮನೆಯ ಹಿಂದೆಯೇ ದೇವಸ್ಥಾನ ತಪ್ಪಿತು, ಆಮೇಲೆ ಪಕ್ಕದ ಮನೆಯ ಜಗಲಿಯೂ ತಪ್ಪಿತು.

ಎರಡನೆಯವರ ಸ್ಥಿತಿಯನ್ನು ಮನೋವಿಜ್ಞಾನಿಗಳು ಮಾನಸಿಕ ಅನಮ್ಯತೆ ಎನ್ನುತ್ತಾರೆ. ಇದು ವಯಸ್ಸಾದವರ ಮೇಲೆ ನಾವು ಸುಲಭವಾಗಿ ಹೊರಿಸುವ ಹಠಮಾರಿತನವಲ್ಲ. ಬೇಡದ ಭಾವನೆಗಳನ್ನು, ಯೋಚನೆಗಳನ್ನು ದೂರವಿಡುವುದರಲ್ಲೇ ಶಕ್ತಿಯೆಲ್ಲ ಕರಗಿ, ತನಗೆ ನಿಜಕ್ಕೂ ಬೇಕಾದದ್ದು ಕೈಬಿಟ್ಟುಹೋಗುವುದು. ಅಮೆರಿಕದ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ರೂಪಿಸಿದ 'ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ' ಎಂಬ ಚಿಕಿತ್ಸೆ ನಿಂತಿರುವುದು ಈ ಬಿಗಿತ ಸಡಿಲಿಸುವುದರ ಮೇಲೆಯೇ.

ಅಳೆಯಲು ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿ 'ಎಎಕ್ಯೂ-2'. ಫ್ರಾಂಕ್ ಬಾಂಡ್ ಮತ್ತಿತರರು 2011ರಲ್ಲಿ ಪ್ರಕಟಿಸಿದ ಇದರಲ್ಲಿ ಇರುವುದು ಏಳೇ ಹೇಳಿಕೆಗಳು. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಒಟ್ಟು 7ರಿಂದ 49. ಅಂಕ ಏರಿದಷ್ಟೂ ಬಿಗಿತ ಹೆಚ್ಚು. ಇದನ್ನು ಮೊದಲಿಗೆ ಒರೆಗೆ ಹಚ್ಚಿದ್ದು ಬಹುಪಾಲು ಕಾಲೇಜು ವಿದ್ಯಾರ್ಥಿಗಳು, ಬ್ಯಾಂಕ್ ನೌಕರರು, ವ್ಯಸನಮುಕ್ತಿ ಚಿಕಿತ್ಸೆಗೆ ಬಂದವರ ಮೇಲೆ. ಅದರ ಗುರುತು ಹೇಳಿಕೆಗಳಲ್ಲೇ ಇದೆ. ಚಿಂತೆಗಳು ನಿಮ್ಮ ಯಶಸ್ಸಿಗೆ ಅಡ್ಡ ಬರುತ್ತವೆಯೇ ಎಂಬರ್ಥದ ಒಂದು ಹೇಳಿಕೆಯಿದೆ. ನಿವೃತ್ತಿಯಾಗಿ ಹದಿನೈದು ವರ್ಷ ಕಳೆದವರು ಇದಕ್ಕೆ ಏನೆಂದು ಉತ್ತರಿಸಬೇಕು? ಒಂದಕ್ಕೆ ಸಮೀಪದ ಉತ್ತರ ಕೊಟ್ಟರೆ ಅದು ಮನಸ್ಸಿನ ಸಡಿಲಿಕೆಯೋ, ಪ್ರಶ್ನೆಯೇ ತಮ್ಮದಲ್ಲ ಎಂಬ ಭಾವವೋ, ಅಂಕದಿಂದ ತಿಳಿಯುವುದಿಲ್ಲ.

ಇನ್ನೂ ಗಂಭೀರವಾದ ಆಕ್ಷೇಪ ಬೇರೆ ಇದೆ. ಈ ಮಾಪಕ ಅಳೆಯುವುದು ಬಿಗಿತಕ್ಕಿಂತ ಹೆಚ್ಚಾಗಿ ಸಂಕಟವನ್ನು ಎಂದು ಮಾರ್ಟಿನ್ ವೋಲ್ಗಾಸ್ಟ್ 2014ರಲ್ಲಿ ವಾದಿಸಿದರು. ನಂತರದ ಅಧ್ಯಯನಗಳೂ ಅದೇ ದಿಕ್ಕು ತೋರಿಸಿವೆ. ಸಂಗಾತಿಯನ್ನು ಈಚೆಗೆ ಕಳೆದುಕೊಂಡವರಿಗೆ ನೋವಿನ ನೆನಪುಗಳು ಸಹಜ. ಅವರ ಅಂಕ ಏರಿದರೆ ಅದನ್ನು ಬಿಗಿತವೆಂದು ಬರೆದುಕೊಳ್ಳುವುದು ಅನ್ಯಾಯ.

ವಯಸ್ಸಿನ ಜೊತೆ ಮನಸ್ಸು ಬಿಗಿಯುತ್ತಲೇ ಹೋಗುತ್ತದೆ ಎಂದುಕೊಳ್ಳುವುದೂ ತಪ್ಪು. ಜರ್ಮನಿಯ ಯೋಖೆನ್ ಬ್ರಾಂಟ್‌ಸ್ಟೆಟರ್ ಮತ್ತು ಗೆರೋಲ್ಫ್ ರೆನ್ನರ್ 1990ರಲ್ಲಿ ಕಂಡದ್ದು ಇದು: ಹಿಡಿದ ಗುರಿಗೆ ಪಟ್ಟುಹಿಡಿಯುವ ಗುಣ ವಯಸ್ಸಾದಂತೆ ಇಳಿಯುತ್ತದೆ, ಗುರಿಯನ್ನೇ ಪರಿಸ್ಥಿತಿಗೆ ಹೊಂದಿಸಿಕೊಳ್ಳುವ ಗುಣ ಏರುತ್ತದೆ. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಎಂಬತ್ತರ ವಯಸ್ಸಿನಲ್ಲಿ ನುಡಿಸುವ ಕೃತಿಗಳನ್ನು ಕಡಿಮೆ ಮಾಡಿಕೊಂಡು ಅವುಗಳದ್ದೇ ಅಭ್ಯಾಸ ಹೆಚ್ಚಿಸಿದ್ದರು. ವೇಗದ ಭಾಗ ಬರುವ ಮುನ್ನ ಬೇಕೆಂದೇ ಗತಿ ತಗ್ಗಿಸುತ್ತಿದ್ದರು, ಮುಂದಿನದು ಇರುವುದಕ್ಕಿಂತ ಚುರುಕಾಗಿ ಕೇಳಿಸಲೆಂದು. 'ಎಷ್ಟು ಬಿಟ್ಟಿದ್ದೀರಿ' ಎಂದಷ್ಟೇ ಎಣಿಸುವ ಮಾಪಕ ಈ ಜಾಣ್ಮೆಯನ್ನು ಹಿಂಜರಿಕೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಕೇಳಬೇಕಾದ್ದು ಏಕೆ ಬಿಟ್ಟಿರಿ, ಬಿಟ್ಟ ಜಾಗದಲ್ಲಿ ಏನಿದೆ ಎಂದು.

ಕೇಳುವ ರೀತಿಯೂ ಸಣ್ಣ ವಿಷಯವಲ್ಲ. ಏಳು ಮೆಟ್ಟಿಲುಗಳ ಉತ್ತರ ಹಿರಿಯರನ್ನು ದಣಿಸುತ್ತದೆ. 'ಕೆಲವೊಮ್ಮೆ'ಗೂ 'ಆಗಾಗ'ಗೂ ನಡುವೆ ಸಿಕ್ಕಿಕೊಂಡು "ಯಾವುದೋ ಒಂದು ಬರ್ಕೊಳ್ಳಪ್ಪ" ಎಂದುಬಿಡುತ್ತಾರೆ. ಹಿರಿಯರ ಖಿನ್ನತೆ ಅಳೆಯಲು 1980ರ ದಶಕದ ಆರಂಭದಲ್ಲಿ ಬಂದ ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್ ಹೌದು-ಇಲ್ಲ ಎಂಬ ಉತ್ತರವನ್ನಷ್ಟೇ ಕೇಳಿತು. ನಿದ್ದೆ, ಹಸಿವಿನಂಥ ದೇಹದ ದೂರುಗಳನ್ನು ಬದಿಗಿಟ್ಟಿತು, ಅವು ವಯಸ್ಸಿನಿಂದಲೂ ಬರುತ್ತವಲ್ಲ. ನಮ್ಮಲ್ಲೂ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ, ಓದುಬರಹ ಬಾರದ ಹಿರಿಯರ ಬುದ್ಧಿಶಕ್ತಿ ಪರೀಕ್ಷಿಸಲು ಪ್ರಶ್ನೆಗಳನ್ನು ಅವರ ಬದುಕಿಗೆ ಹೊಂದುವಂತೆ ಮಾರ್ಪಡಿಸಿಕೊಂಡಿದ್ದರು. ಬಿಗಿತದ ಮಾಪಕಕ್ಕೂ ಅಂಥ ಶ್ರಮ ಸಲ್ಲಬೇಕು. ಮಗ, ಸೊಸೆ ಪಕ್ಕದಲ್ಲೇ ಕೂತಿರುವಾಗ ಪ್ರಶ್ನೆ ಕೇಳಲೇಬಾರದು. ಮನೆಯವರೆದುರು ಯಾವ ತಾಯಿ ತನ್ನ ಭಯಗಳನ್ನು ಹೇಳಿಕೊಂಡಾಳು?

ಇಷ್ಟೆಲ್ಲ ಕಷ್ಟ ಯಾಕೆಂದರೆ, ಅಮೆರಿಕದ ಜೂಲಿ ವೆದರೆಲ್ ತಂಡ ದೀರ್ಘಕಾಲದ ನೋವಿನ ರೋಗಿಗಳಲ್ಲಿ ಎರಡು ಮನೋಚಿಕಿತ್ಸೆಗಳನ್ನು ಹೋಲಿಸಿದಾಗ, ಕಿರಿಯರು ರೂಢಿಯ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ, ಹಿರಿಯರು ಬಿಗಿತ ಸಡಿಲಿಸುವ ಚಿಕಿತ್ಸೆಗೆ ಹೆಚ್ಚು ಸ್ಪಂದಿಸಿದ್ದು ಕಂಡಿತು. ಹಾಗಾದರೆ ಹಿರಿಯರಲ್ಲಿ ಸಡಿಲವಾದದ್ದು ಬಿಗಿತವೇ, ಅಥವಾ ಕಡಿಮೆಯಾದದ್ದು ಸಂಕಟವಷ್ಟೆಯೇ? ಎರಡನ್ನೂ ಬೇರ್ಪಡಿಸಿ ಅಳೆಯುವ ಮಾಪಕವಿದ್ದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ.