ನಾಯಿಯ ಕಣ್ಣು ಹಳದಿಯಾದರೆ ತಡಮಾಡಬೇಡಿ

1994ರಲ್ಲಿ ಕರಡಿಧಾಮವೆಂದು ಘೋಷಿತವಾದ ದರೋಜಿಯ ಗುಡ್ಡಗಳ ಅಂಚಿನಲ್ಲಿ ನಿಮ್ಮ ಹೊಲವಿದ್ದರೆ, ನಾಯಿಯ ಬೆಲೆ ನಿಮಗೆ ಹೇಳಬೇಕಾಗಿಲ್ಲ. ಕರಡಿ, ಹಂದಿ ಬಂದ ಸುಳಿವನ್ನು ಮೊದಲು ಕೊಡುವುದು ಅದೇ. ಅಂಥ ನಾಯಿ ಅನ್ನ ಬಿಟ್ಟು, ವಾಂತಿ ಮಾಡುತ್ತ ಮೂಲೆ ಸೇರಿದರೆ "ಬಿಸಿಲಿನ ಬಾಧೆ" ಎಂದು ಸುಮ್ಮನಿರಬೇಡಿ. ಅದು ಪಿತ್ತಕೋಶದ ರೋಗವೂ ಇರಬಹುದು.

ಪಿತ್ತಕೋಶವು ಯಕೃತ್ತಿಗೆ ಅಂಟಿಕೊಂಡಿರುವ ಸಣ್ಣ ಚೀಲ. ಜಿಡ್ಡನ್ನು ಅರಗಿಸಲು ಬೇಕಾದ ಪಿತ್ತರಸ ಇದರಲ್ಲಿ ಸಂಗ್ರಹವಾಗುತ್ತದೆ. ಸೋಂಕಿನಿಂದ ಚೀಲ ಬಾತುಕೊಳ್ಳಬಹುದು, ಕಲ್ಲು ಕಟ್ಟಬಹುದು. ವಯಸ್ಸಾದ ನಾಯಿಗಳಲ್ಲಿ ಪಿತ್ತರಸವು ಅಂಟಿನಂತೆ ಗಟ್ಟಿಯಾಗುವುದೂ ಉಂಟು. ನಾಳ ಕಟ್ಟಿಕೊಂಡರೆ ಪಿತ್ತ ರಕ್ತಕ್ಕೆ ಸೇರಿ ಕಾಮಾಲೆ ಕಾಣಿಸುತ್ತದೆ. ಚೀಲ ಒಡೆದರಂತೂ ಪ್ರಾಣಕ್ಕೇ ಅಪಾಯ.

ಗುರುತಿಸುವುದು ಹೇಗೆ? ಹಗಲು ಬೆಳಕಿನಲ್ಲಿ ತುಟಿ ಎತ್ತಿ ಒಸಡನ್ನೂ, ಕಣ್ಣಿನ ಬಿಳಿಭಾಗವನ್ನೂ ನೋಡಿ. ಹಳದಿ ಬಣ್ಣ, ಗಾಢ ಬಣ್ಣದ ಮೂತ್ರ, ಹೊಟ್ಟೆ ಮುಟ್ಟಿದರೆ ನೋವು, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುವುದು ಇವು ಮುಖ್ಯ ಲಕ್ಷಣಗಳು. ನಾಳ ಪೂರ್ತಿ ಕಟ್ಟಿದರೆ ಮಲ ಬಿಳಿಚಬಹುದು.

ಆದರೆ ಹಳದಿಯಾದುದೆಲ್ಲ ಪಿತ್ತಕೋಶದ ರೋಗವಲ್ಲ. ಉಣ್ಣಿಯಿಂದ ಬರುವ ಜ್ವರದಲ್ಲಿ ಒಸಡು ಬಿಳಿಚಿ, ಮೂತ್ರ ಕೆಂಪಾಗಬಹುದು. ಇಲಿ ಜ್ವರದಲ್ಲಿಯೂ ಕಾಮಾಲೆ ಬರುತ್ತದೆ. ಇದು ನಾಯಿಯ ಮೂತ್ರದಿಂದ ನಿಮಗೂ ತಗಲಬಲ್ಲದು. ಕೈಗೆ ಚೀಲ ಹಾಕಿಕೊಳ್ಳದೆ ಮೂತ್ರ ಮುಟ್ಟಬೇಡಿ. ನಿಮಗೆ ಜ್ವರ ಬಂದರೆ ನಾಯಿಯ ವಿಷಯವನ್ನು ವೈದ್ಯರಿಗೆ ತಿಳಿಸಿ. ಹೀಗೆ ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ ರಕ್ತಪರೀಕ್ಷೆ ಹಾಗೂ ಹೊಟ್ಟೆಯ ಸ್ಕ್ಯಾನಿಂಗ್ ಅಗತ್ಯ. ಮೊದಲು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಸ್ಕ್ಯಾನಿಂಗ್ ಎಲ್ಲಿದೆಯೆಂದು ಅಲ್ಲಿಯೇ ವಿಚಾರಿಸಿ ಹೊರಡಿ.

ಸೋಂಕಿದ್ದರೆ ವೈದ್ಯರು ಜೀವನಿರೋಧಕ ಔಷಧಿ ಕೊಡುತ್ತಾರೆ. ನಾಯಿ ಗೆಲುವಾಯಿತೆಂದು ಅದನ್ನು ನಡುವೆ ನಿಲ್ಲಿಸಬಾರದು. ಪಿತ್ತ ಹರಿಯುವಂತೆ ಮಾಡುವ ಮಾತ್ರೆಯೂ ಇದೆ. ಆದರೆ ನಾಳ ಪೂರ್ತಿ ಕಟ್ಟಿದ್ದರೆ ಅದು ಸಲ್ಲದು. ಆಗ ಶಸ್ತ್ರಚಿಕಿತ್ಸೆಯೇ ದಾರಿ. ಪಿತ್ತಕೋಶ ತೆಗೆದ ಮೇಲೂ ನಾಯಿ ಬದುಕಬಲ್ಲದು.

ಮನೆಯಲ್ಲಿ ನೀವು ಮಾಡಬೇಕಾದುದು:

1. ಎಣ್ಣೆ, ತುಪ್ಪ, ಕೊಬ್ಬಿನ ಮಾಂಸ ಕೊಡಬೇಡಿ.
2. ಮನುಷ್ಯರ ಜ್ವರದ ಮಾತ್ರೆ ನುಂಗಿಸಬೇಡಿ. ಯಕೃತ್ತು ಇನ್ನಷ್ಟು ಕೆಡುತ್ತದೆ.
3. ಹಸಿರೌಷಧಿ ಕುಡಿಸುತ್ತ ದಿನ ಕಳೆಯಬೇಡಿ.
4. ಗುಣವಾದ ಮೇಲೆ ಉಣ್ಣಿ ನಿವಾರಿಸಿ. ಇಲಿ ಜ್ವರದ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿ.

ಹೊಲ ಕಾಯುವ ನಾಯಿ ತನ್ನ ನೋವನ್ನು ಬಾಯಿಬಿಟ್ಟು ಹೇಳದು. ವಾರಕ್ಕೊಮ್ಮೆ ಅದರ ತುಟಿ ಎತ್ತಿ ನೋಡಿ. ಹಳದಿ ಕಂಡರೆ ಅಂದೇ ಪಶುವೈದ್ಯರಲ್ಲಿಗೆ ನಡೆಯಿರಿ.