ನಾದದ ಬಣ್ಣ, ಅಕ್ಷರದ ರೂಪ

ಧ್ವನಿಗೆ ಮೂರು ಲಕ್ಷಣಗಳುಂಟೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಮೊದಲನೆಯದು ಸ್ಥಾಯಿ; ಅದು ಧ್ವನಿಯ ಏರಿಳಿತಕ್ಕೆ ಸಂಬಂಧಿಸಿದುದು. ಎರಡನೆಯದು ತೀವ್ರತೆ, ಅದು ಧ್ವನಿಯ ಗಟ್ಟಿತನಕ್ಕೆ ಸಂಬಂಧಿಸಿದುದು. ಇವೆರಡೂ ಸಮನಾಗಿದ್ದಾಗಲೂ ಒಂದು ಧ್ವನಿಯನ್ನು ಮತ್ತೊಂದರಿಂದ ಬೇರ್ಪಡಿಸಿ ತೋರಿಸುವ ಗುಣವೊಂದುಂಟು, ಅದೇ ಮೂರನೆಯದು. ವೀಣೆ, ಕೊಳಲು, ನಾಗಸ್ವರ ಈ ಮೂರರಲ್ಲಿಯೂ ಒಂದೇ ಷಡ್ಜವನ್ನು ಒಂದೇ ಪ್ರಮಾಣದ ಗಟ್ಟಿತನದಿಂದ ನುಡಿಸಿದರೂ, ತೆರೆಯ ಮರೆಯಲ್ಲಿ ಕುಳಿತ ಶ್ರೋತೃವು ಇದು ವೀಣೆ, ಇದು ಕೊಳಲು ಎಂದು ತಡವಿಲ್ಲದೆ ಹೇಳಬಲ್ಲನು. ಈ ಗುಣವನ್ನು ನಾದಗುಣವೆನ್ನಬಹುದು. ಜರ್ಮನರು ಇದಕ್ಕೆ 'ನಾದದ ಬಣ್ಣ' ಎಂಬ ಅರ್ಥದ ಸೊಗಸಾದ ಮಾತನ್ನು ಬಳಸುತ್ತಾರೆ. ಇದು ಸಂಗೀತಗಾರರಿಗೆ ಮಾತ್ರ ಬೇಕಾದ ವಿಷಯವೆಂದು ಮೇಲುನೋಟಕ್ಕೆ ತೋರಬಹುದು. ವಸ್ತುತಃ ಶಾಲೆಯಲ್ಲಿ ಬಾಯಿಂದ ಕಿವಿಗೆ ನಡೆಯುವ ಪಾಠವೆಲ್ಲವೂ ಇದೇ ಗುಣವನ್ನು ಆಶ್ರಯಿಸಿ ನಿಂತಿದೆ.

ನಾದಗುಣದ ಮೂಲವನ್ನು ತಿಳಿಯಲು ಮೀಟಿದ ತಂತಿಯೊಂದನ್ನು ನೋಡಿದರೆ ಸಾಕು. ಸೆಕೆಂಡಿಗೆ 240 ಸಲ ಕಂಪಿಸುವಂತೆ ಬಿಗಿದ ತಂತಿಯು ಇಡಿಯಾಗಿ 240 ಸಲ ಆಡುತ್ತಿರುವಾಗಲೇ, ಎರಡು ಸಮಭಾಗಗಳಾಗಿ 480 ಸಲ, ಮೂರು ಭಾಗಗಳಾಗಿ 720 ಸಲ, ನಾಲ್ಕು ಭಾಗಗಳಾಗಿ 960 ಸಲ, ಐದು ಭಾಗಗಳಾಗಿ 1200 ಸಲ, ಹೀಗೆ ಏಕಕಾಲದಲ್ಲಿ ಹಲವು ಬಗೆಯಾಗಿ ಕಂಪಿಸುತ್ತದೆ. ಮೊದಲನೆಯದು ಮೂಲಸ್ವರ, ಉಳಿದವು ಉಪಸ್ವರಗಳು. 240ನ್ನು ಷಡ್ಜವೆಂದು ಹಿಡಿದರೆ 480 ತಾರಷಡ್ಜ, 720 ಅದರ ಮೇಲಿನ ಪಂಚಮ, 960 ಅತಿತಾರ ಷಡ್ಜ, 1200 ಅದಕ್ಕೂ ಮೇಲಿನ ಅಂತರಗಾಂಧಾರ. ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯಲ್ಲಿ ಗಾಂಧಾರಕ್ಕೆಂದು ಒಂದು ತಂತಿಯೂ ಇಲ್ಲದಿದ್ದರೂ ಗಾಂಧಾರವು ಕೇಳಿಬರುವುದಕ್ಕೆ ಇದೇ ಕಾರಣ. ಕಿವಿಯು ಸಾಮಾನ್ಯವಾಗಿ ಈ ಉಪಸ್ವರಗಳನ್ನು ಬಿಡಿಬಿಡಿಯಾಗಿ ಎಣಿಸುವುದಿಲ್ಲ. ಎಲ್ಲವನ್ನೂ ಕೂಡಿಸಿ ಒಂದೇ ಸ್ವರವೆಂದು ಗ್ರಹಿಸುತ್ತದೆ. ಅವುಗಳಲ್ಲಿ ಯಾವುದು ಬಲವಾಗಿದೆ, ಯಾವುದು ಕ್ಷೀಣವಾಗಿದೆ ಎಂಬ ಪ್ರಮಾಣಭೇದವೇ ಸ್ವರದ ಬಣ್ಣವಾಗಿ ತೋರುತ್ತದೆ. ಬೇಳೆ, ಹುಳಿ, ಖಾರ, ಉಪ್ಪು ಎಲ್ಲ ಮನೆಯ ಸಾರಿನಲ್ಲಿಯೂ ಇರುತ್ತವೆ. ಅವುಗಳ ಹದದಿಂದ ಒಂದು ಮನೆಯ ಸಾರಿನ ರುಚಿ ಮತ್ತೊಂದು ಮನೆಯದಕ್ಕಿಂತ ಬೇರೆಯಾಗುತ್ತದೆ. ನಾದದ ವಿಷಯವೂ ಅಂತೆಯೇ.

ಈ ತತ್ತ್ವವು ಒಬ್ಬರಿಂದಲೇ ಸಿದ್ಧವಾದುದಲ್ಲ. ಫ್ರಾನ್ಸಿನ ಗಣಿತಜ್ಞ ಫೂರಿಯೇ 1822ರಲ್ಲಿ ಪ್ರಕಟಿಸಿದ, ಉಷ್ಣವನ್ನು ಕುರಿತ ತನ್ನ ಗ್ರಂಥದಲ್ಲಿ, ಎಂತಹ ಜಟಿಲವಾದ ಆವರ್ತನೆಯನ್ನಾದರೂ ಸರಳ ಆವರ್ತನೆಗಳ ಮೊತ್ತವಾಗಿ ಒಡೆಯಬಹುದೆಂಬ ಮಾರ್ಗವನ್ನು ತೋರಿದನು. ಜರ್ಮನಿಯ ಓಮ್ 1843ರಲ್ಲಿ, ಮಾನವನ ಕಿವಿಯೂ ಇಂತಹ ವಿಭಜನೆಯನ್ನೇ ಮಾಡುತ್ತದೆಂದು ಪ್ರತಿಪಾದಿಸಿದನು. ಅದೇ ದೇಶದ ಹೆಲ್ಮ್‌ಹೋಲ್ಟ್ಸ್ ಟೊಳ್ಳಾದ ಗೋಲಗಳನ್ನು ಬೇರೆ ಬೇರೆ ಗಾತ್ರಗಳಲ್ಲಿ ಮಾಡಿಸಿ, ಒಂದೊಂದನ್ನೂ ಕಿವಿಗೆ ಹಚ್ಚಿ, ಪ್ರತಿಯೊಂದು ಗೋಲವೂ ತನ್ನ ಗಾತ್ರಕ್ಕೆ ಹೊಂದುವ ಒಂದೇ ಉಪಸ್ವರವನ್ನು ಎತ್ತಿಕೊಡುವಂತೆ ಪ್ರಯೋಗಗಳನ್ನು ನಡೆಸಿದನು. ಆತನ ಮಹಾಗ್ರಂಥವು 1863ರಲ್ಲಿ ಹೊರಬಂದಿತು. ಆತನು ಗೋಲಗಳಿಂದ ಮಾಡಿದ ಶೋಧನೆಯನ್ನು ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಮಾಡಿ, ಚಿತ್ರವಾಗಿ ಬರೆದು ತೋರಿಸುತ್ತದೆ.

ಆ ಚಿತ್ರಗಳಲ್ಲಿ ವಾದ್ಯಗಳ ಸ್ವಭಾವವು ಸ್ಪಷ್ಟವಾಗುತ್ತದೆ. ಮೆಲ್ಲನೆ ಊದಿದ ಕೊಳಲಿನಲ್ಲಿ ಮೂಲಸ್ವರವೇ ಪ್ರಧಾನ, ಉಪಸ್ವರಗಳು ಅಲ್ಪ. ಆದುದರಿಂದಲೇ ಅದರ ನಾದ ತಿಳಿನೀರಿನಂತೆ ಸರಳ. ಕ್ಲಾರಿನೆಟ್ಟಿನ ಕೆಳಸ್ಥಾಯಿಯಲ್ಲಿ ಒಂದು, ಮೂರು, ಐದು ಎಂಬ ಬೆಸಸಂಖ್ಯೆಯ ಅಂಶಗಳು ಪ್ರಬಲವಾಗಿ, ಸಮಸಂಖ್ಯೆಯವು ದುರ್ಬಲವಾಗಿರುತ್ತವೆ. ಅದರ ಕೊಳವೆ ಉದ್ದಕ್ಕೂ ಒಂದೇ ಅಗಲವಾಗಿದ್ದು, ಊದುವ ತುದಿ ಮುಚ್ಚಿದಂತೆ ವರ್ತಿಸುವುದು ಇದಕ್ಕೆ ಕಾರಣ. ಕೆಳಗೆ ಬರುಬರುತ್ತ ಅಗಲವಾಗುವ ನಾಗಸ್ವರದ ಕೊಳವೆಯಲ್ಲಾದರೋ ಬೆಸ, ಸಮ ಎಂಬ ಭೇದವಿಲ್ಲದೆ ಉಪಸ್ವರಗಳು ತುಂಬಿ ಬರುತ್ತವೆ.

ಭಾರತೀಯ ವಾದ್ಯಗಳ ಈ ರಹಸ್ಯವನ್ನು ವಿಜ್ಞಾನದ ಬೆಳಕಿನಲ್ಲಿ ತೋರಿಸಿದವರಲ್ಲಿ ಸರ್ ಸಿ. ವಿ. ರಾಮನ್ ಅವರು ಅಗ್ರಗಣ್ಯರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದಿಲ್ಲವೆಂಬುದು ಹಳೆಯ ನಿಯಮ. ತಂಬೂರಿ, ವೀಣೆಗಳು ಈ ನಿಯಮವನ್ನು ಮೀರುತ್ತವೆಂದೂ, ಅವುಗಳ ಅಗಲವಾದ, ಕೊಂಚ ಬಾಗಿದ ಕುದುರೆಯ ಮೇಲೆ ತಂತಿಯು ತಾಗಿ ತಾಗಿ ಆಡುವುದೇ ಅದಕ್ಕೆ ಕಾರಣವೆಂದೂ ಅವರು ತೋರಿಸಿಕೊಟ್ಟರು. ತಂಬೂರಿಯ ಕುದುರೆಗೂ ತಂತಿಗೂ ನಡುವೆ ಎಳೆಯನ್ನಿಟ್ಟು ಜೀವಾಳ ಹಿಡಿಸುವವನು ಕೂದಲೆಳೆಯಷ್ಟು ಸರಿಸಿ ಹುಡುಕುವುದು ಈ ಉಪಸ್ವರಸಮೃದ್ಧಿಯನ್ನೇ.

ಚರ್ಮವಾದ್ಯದ ವಿಷಯ ಇನ್ನೂ ಸ್ವಾರಸ್ಯಕರವಾದುದು. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಅದರ ಎರಡನೆಯ ಕಂಪನವು ಮೊದಲನೆಯದರ 1.59 ಪಟ್ಟು, ಮೂರನೆಯದು 2.14 ಪಟ್ಟು ಇರುತ್ತದೆ; ಒಂದಕ್ಕೊಂದು ಹೊಂದದ ಕಾರಣ ಸ್ವರ ನಿಲ್ಲದು, ಸದ್ದು ಮಾತ್ರ ಕೇಳುವುದು. ಮೃದಂಗದ ಬಲಮುಖಕ್ಕೆ ಅನ್ನದೊಡನೆ ಖನಿಜದ ಪುಡಿಯನ್ನು ಅರೆದು ಪದರಪದರವಾಗಿ ಕರಣೆ ಹಾಕಿದಾಗ ನಡುವಿನ ಭಾರ ಹೆಚ್ಚಿ, ಈ ಪ್ರಮಾಣಗಳು 1, 2, 3, 4, 5 ಎಂಬ ಪೂರ್ಣಾಂಕಗಳ ಸಮೀಪಕ್ಕೆ ಬರುತ್ತವೆ. ರಾಮನ್ನರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ಇದನ್ನು ಪ್ರಕಟಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ಬಳಿಕ, ತಾವು 1934ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲನೆಯ ಸಂಪುಟದಲ್ಲಿಯೇ, ಚರ್ಮದ ಒಂಬತ್ತು ಬಗೆಯ ಕಂಪನಗಳು ಕೂಡಿ ಐದು ಸ್ವರಾಂಶಗಳಾಗುವ ಪರಿಯನ್ನು ವಿಸ್ತಾರವಾಗಿ ವಿವರಿಸಿದರು. ಅಳತೆಯ ಯಂತ್ರವಿಲ್ಲದ ಕಾಲದಲ್ಲಿ ಕಿವಿಯೊಂದನ್ನೇ ನಂಬಿ ಈ ಹದವನ್ನು ಕಂಡುಕೊಂಡ ಅಜ್ಞಾತ ಕುಶಲಕರ್ಮಿಗಳು ನಮಸ್ಕಾರಾರ್ಹರು.

ಉಪಸ್ವರಗಳ ಪ್ರಮಾಣವೊಂದರಿಂದಲೇ ನಾದಗುಣವು ಪೂರ್ಣವಾಗುವುದಿಲ್ಲ. ಅವು ಕಾಲಕ್ರಮದಲ್ಲಿ ಹುಟ್ಟಿ ಬೆಳೆದು ಅಡಗುವ ರೀತಿಯೂ ಅದರ ಅಂಗ. ಧ್ವನಿಮುದ್ರಿಕೆಯಲ್ಲಿ ಸ್ವರದ ಆರಂಭವನ್ನು ಕತ್ತರಿಸಿ ಉಳಿದುದನ್ನು ಮಾತ್ರ ಕೇಳಿಸಿದರೆ, ಪರಿಣತರೂ ವಾದ್ಯವನ್ನು ಗುರುತಿಸುವಲ್ಲಿ ಎಡವುತ್ತಾರೆ. ಪಿಯಾನೊವಿನ ಮುದ್ರಿಕೆಯನ್ನು ಹಿಂದುಮುಂದಾಗಿ ತಿರುಗಿಸಿದರೆ ಉಪಸ್ವರಗಳು ಅವೇ ಆದರೂ ಅದು ಪಿಯಾನೊ ಎನಿಸುವುದಿಲ್ಲ. ವೀಣೆಯ ಮೀಟು, ಮೃದಂಗದ ಪೆಟ್ಟು, ಕೊಳಲಿನ ಮೊದಲ ಉಸಿರು, ಇವು ಆಯಾ ವಾದ್ಯದ ಹೆಸರನ್ನು ಹೇಳಿಬಿಡುತ್ತವೆ.

ಇನ್ನು ಮಾನವಕಂಠ. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ, ಶಬ್ದವು ವಾಯುವಿನ ನೆರವಿನಿಂದ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಜನಿಸುತ್ತದೆಂದೂ, ಅದರ ಬಣ್ಣ ಬಿಳುಪೆಂದೂ ಹೇಳಿದ್ದಾನೆ. ಇಂದಿನ ಶಾಸ್ತ್ರವು ಧ್ವನಿಯ ಜನ್ಮಸ್ಥಾನವನ್ನು ಗಂಟಲಿನ ಧ್ವನಿತಂತುಗಳಲ್ಲಿ ಕಾಣುತ್ತದೆ. ಆದರೆ ಕಹಳೆಯ ಹೋಲಿಕೆಯನ್ನು ಅದು ಒಪ್ಪದಿರಲಾರದು. ಶ್ವಾಸಕೋಶದಿಂದ ಬರುವ ಗಾಳಿಯು ಧ್ವನಿತಂತುಗಳನ್ನು ಆಡಿಸಿ ಉಪಸ್ವರಗಳಿಂದ ತುಂಬಿದ ಒರಟು ಧ್ವನಿಯನ್ನು ಹುಟ್ಟಿಸುತ್ತದೆ. ಗಂಟಲು, ಬಾಯಿಗಳ ಕೊಳವೆಯು ಅದರಲ್ಲಿ ಕೆಲವು ಭಾಗಗಳನ್ನು ಎತ್ತಿ, ಕೆಲವನ್ನು ಅಡಗಿಸುತ್ತದೆ. ಸ್ವೀಡನ್ನಿನ ಗುನ್ನಾರ್ ಫಾಂಟ್ 1960ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಚಾರಕ್ಕೆ ಭದ್ರವಾದ ಗಣಿತದ ತಳಹದಿಯನ್ನು ಒದಗಿಸಿತು.

ನಾಲಗೆ, ತುಟಿ, ದವಡೆಗಳು ಕದಲಿದಂತೆ ಕೊಳವೆಯ ಆಕಾರ ಬದಲಾಗಿ, ಎತ್ತಲ್ಪಡುವ ಭಾಗಗಳೂ ಬದಲಾಗುತ್ತವೆ. ವಯಸ್ಕ ಪುರುಷನ 'ಆ'ಕಾರದಲ್ಲಿ ಸೆಕೆಂಡಿಗೆ ಸುಮಾರು 700 ಮತ್ತು 1100 ಕಂಪನಗಳ ಎಡೆಯಲ್ಲಿ ಬಲವಿರುತ್ತದೆ. 'ಈ'ಕಾರದಲ್ಲಿ ಸುಮಾರು 300 ಮತ್ತು 2300ರ ಎಡೆಯಲ್ಲಿ. 'ಊ'ಕಾರದಲ್ಲಿ ಸುಮಾರು 300 ಮತ್ತು 900ರ ಎಡೆಯಲ್ಲಿ. ಒಂದೇ ಶ್ರುತಿಯಲ್ಲಿ, ಒಂದೇ ಗಟ್ಟಿತನದಲ್ಲಿ ಆ, ಈ, ಊ ಎಂದು ಹಾಡಿದಾಗ ಬದಲಾಗುವುದು ನಾದದ ಬಣ್ಣವೊಂದೇ. ಎಂದಮೇಲೆ ಸ್ವರಾಕ್ಷರಗಳೆಂಬುವು ನಾದಗುಣದ ಭೇದಗಳೇ ಆದುವು. ವೈಯಾಕರಣರು ಕಂಠ್ಯ, ತಾಲವ್ಯ, ಓಷ್ಠ್ಯ ಎಂದು ಸ್ಥಾನಗಳನ್ನು ವಿಂಗಡಿಸಿದುದು ಬಾಯಿಯ ಕಡೆಯಿಂದ. ಭೌತವಿಜ್ಞಾನಿಯು ಅಳೆದುದು ಕಿವಿಯ ಕಡೆಯಿಂದ. ವಸ್ತು ಒಂದೇ. ಗಾಯಕಿಯು ತಾರಸ್ಥಾಯಿಯಲ್ಲಿ 600 ಕಂಪನಗಳಿಗೆ ಏರಿದಾಗ ಮೂಲಸ್ವರವೇ 300ನ್ನು ದಾಟಿ ಮೇಲಿರುವುದರಿಂದ, 'ಈ', 'ಊ'ಗಳಿಗೆ ಬೇಕಾದ ಕೆಳಗಿನ ಬಲವು ದೊರೆಯದೆ ಅಕ್ಷರ ಮಸುಕಾಗುತ್ತದೆ. ಅದನ್ನು ಕೇವಲ ಉಚ್ಚಾರಣದೋಷವೆಂದು ಹಳಿಯುವುದು ನ್ಯಾಯವಲ್ಲ.

ಇಲ್ಲಿಂದ ಮುಂದಿನ ಮಾತು ಅಧ್ಯಾಪಕರಿಗೆ ಸಲ್ಲತಕ್ಕುದು. 'ಈ', 'ಊ' ಎರಡರಲ್ಲಿಯೂ ಕೆಳಗಿನ ಬಲ 300ರ ಸುತ್ತಲೇ ಇದೆ, ಭೇದವಿರುವುದು ಮೇಲಿನದರಲ್ಲಿ. ಮೇಲಿನ ಕಂಪನಗಳು ಕೇಳದ ಮಗುವೊಂದು ತರಗತಿಯಲ್ಲಿದ್ದರೆ, ಉಕ್ತಲೇಖನದಲ್ಲಿ ಗುರುಗಳು 'ನೀರು' ಎಂದಾಗ ಅದು 'ನೂರು' ಎಂದು ಬರೆಯಬಹುದು. ಸಕಾರದ ಸೀತ್ಕಾರವು 4000 ಕಂಪನಗಳಿಗೂ ಮೇಲಿರುವುದರಿಂದ 'ಸಾಲು' ಎಂಬುದು 'ಹಾಲು' ಆಗಬಹುದು. ಹೆಸರು ಹಿಡಿದು ಕೂಗಿದರೆ ಆ ಮಗು ತಿರುಗಿ ನೋಡುತ್ತದೆ, ಗುಡುಗಿಗೆ ಬೆಚ್ಚುತ್ತದೆ. ಆದುದರಿಂದ ಅದಕ್ಕೆ ಕಿವಿ ಕೇಳುತ್ತದೆಂದೇ ಎಲ್ಲರ ಭಾವನೆ. ಧ್ವನಿ ಕೇಳುತ್ತದೆ, ಅಕ್ಷರ ಕೇಳುವುದಿಲ್ಲ ಎಂಬ ಸೂಕ್ಷ್ಮವು ಯಾರಿಗೂ ಹೊಳೆಯದೆ, ಮಂದಮತಿ, ಅಲಕ್ಷ್ಯ ಎಂಬ ಹಣೆಪಟ್ಟಿ ಆ ಮಗುವಿಗೆ ಅಂಟಿಕೊಳ್ಳುತ್ತದೆ. ಗುರುಗಳು ಕಪ್ಪುಹಲಗೆಯ ಕಡೆ ತಿರುಗಿ ಮಾತನಾಡಿದಾಗ ಮಾತ್ರ ತಪ್ಪು ಹೆಚ್ಚುವುದು, ಮಾತನಾಡುವವರ ತುಟಿಯನ್ನೇ ನೆಟ್ಟ ನೋಟದಿಂದ ನೋಡುವುದು, ಒಂದೇ ಬಗೆಯ ಅಕ್ಷರಗಳಲ್ಲಿ ಪದೇ ಪದೇ ಎಡವುವುದು, ಇವು ಎಚ್ಚರಿಕೆಯ ಲಕ್ಷಣಗಳು. ಕಿವಿಯ ಪರೀಕ್ಷೆಯಲ್ಲಿ ತಜ್ಞರು ಸಾಮಾನ್ಯವಾಗಿ 250ರಿಂದ 8000ದವರೆಗಿನ ಕಂಪನಗಳನ್ನು ಒಂದೊಂದಾಗಿ ಕೇಳಿಸಿ, ಯಾವುದು ಕೇಳಿತು, ಯಾವುದು ಕೇಳಲಿಲ್ಲ ಎಂದು ಗುರುತಿಸುತ್ತಾರೆ. 1960ರ ದಶಕದಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತಹ ವಿದ್ಯಾಸ್ಥಾನಗಳು ನಮ್ಮ ನಾಡಿನಲ್ಲಿಯೇ ಇರುವುದು ಭಾಗ್ಯವೆನ್ನಬೇಕು.

ಉಪಕರಣಗಳಿಗೂ ಮಿತಿಯುಂಟು. ಶ್ರವಣಸಾಧನವು ಕೊರತೆಯಿರುವ ಕಂಪನಗಳನ್ನು ಹೆಚ್ಚಿಸಿಕೊಡಬಲ್ಲದು. ತೀವ್ರ ಕಿವುಡಿರುವವರ ಒಳಗಿವಿಯಲ್ಲಿ ಶಸ್ತ್ರಕ್ರಿಯೆಯಿಂದ ಇಡುವ ಸಾಧನವು ಸುಮಾರು ಇಪ್ಪತ್ತು ವಿದ್ಯುದ್ವಾರಗಳಿಂದ, ಪ್ರಕೃತಿಯು ಸುಮಾರು 3500 ಸೂಕ್ಷ್ಮಕೋಶಗಳಿಂದ ಮಾಡುವ ಕಾರ್ಯವನ್ನು ನಿರ್ವಹಿಸಬೇಕಾಗಿದೆ. ಅದರಿಂದ ನಿಶ್ಶಬ್ದದಲ್ಲಿ ಮಾತು ತಿಳಿಯುತ್ತದೆ. ವೀಣೆಗೂ ಕೊಳಲಿಗೂ ಇರುವ ಭೇದವು ಅಷ್ಟು ಸುಲಭವಾಗಿ ತಿಳಿಯದು. ಆರೋಗ್ಯವಂತವಾದ ಕಿವಿಯು ಎಷ್ಟು ದೊಡ್ಡ ಸಂಪತ್ತೆಂಬುದು ಇದರಿಂದ ವೇದ್ಯವಾಗುತ್ತದೆ.

ಮಗುವನ್ನು ಅಕ್ಷರಸ್ಥನನ್ನಾಗಿ ಮಾಡುವೆವೆಂದು ಹೊರಟವರು, ಆ ಅಕ್ಷರವು ಮೊದಲು ಅದರ ಕಿವಿಯನ್ನು ಮುಟ್ಟಿತೇ ಎಂದು ವಿಚಾರಿಸಬೇಕಾದುದು ಕರ್ತವ್ಯ. ಶಾಲೆಗೆ ಸೇರಿದ ವರ್ಷವೇ ಪ್ರತಿಯೊಂದು ಮಗುವಿನ ಶ್ರವಣಪರೀಕ್ಷೆಯಾಗಬೇಕು. ಉದಾರಿಗಳು ವಿದ್ಯೆಗಾಗಿ ಕೊಡುವ ದಾನದಲ್ಲಿ ಒಂದಂಶವು ಇದಕ್ಕೆ ಮೀಸಲಾದರೆ ಅದು ಸತ್ಪಾತ್ರದಾನವಾಗುವುದು. ನಾದದ ಬಣ್ಣವನ್ನರಿತ ಗುರುವು, ತಪ್ಪು ಬರೆದ ಮಗುವನ್ನು ದಂಡಿಸುವ ಮುನ್ನ ಹತ್ತಿರ ಕರೆದು, ಮುಖಕ್ಕೆ ಮುಖವಿಟ್ಟು, ಅದೇ ಮಾತನ್ನು ಮತ್ತೊಮ್ಮೆ ಬಿಡಿಸಿ ನುಡಿಯುವನು.